ರಾಜೇಸಾಬ ಬಿದ್ದ ಮಳೆಗಾಲ

ಹೋದ ತಿಂಗಳು ನರಗುಂದದ ನೆಂಟರ ಮನೆಯಿಂದ ಬಾದಾಮಿಯ ಮಗಳ ಮನೆಗೆ ಹೊರಟವನು ಕುಳಗೇರಿ ಕ್ರಾಸಿನಲ್ಲಿ ಇಳಿದು, ಒಂದು ಚಹಾದ ಅಂಗಡಿಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಜೋರು ಮಳೆ. ಆಗ ಬಂದು ನಿಂತ ಒಂದು ಬಸ್ಸಿನ ಮೇಲಿನಿಂದ ಯಾರದೋ ಮದುವೆಯ ಹೊಸ ಗಾದಿಯನ್ನು ಇಳಿಸಿ ಅಂಗಡಿಯೊಳಗೆ ತಂದಿಟ್ಟರು. ತೊಯ್ದು ಕಲ್ಲಿನಷ್ಟು ಭಾರವಾಗಿತ್ತು ಅದು. ಸ್ವಲ್ಪ ಹೊತ್ತಿಗೆ ನೆನೆದ ಅರಳೆಯ ವಾಸನೆ ಅಂಗಡಿಯ ತುಂಬ ಹರಡಿತು. ನಾನು ಅರ್ಧ ಕುಡಿದ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಮಳೆಯಲ್ಲೇ ಹೊರಗೆ ಹೋಗಿ ನಿಂತೆ.

ಬಾಗಲಕೋಟೆಯ ಆ ಮಳೆಗಾಲ ಕಳೆದು ಎಷ್ಟೋ ವರ್ಷಗಳಾದವು. ಪ್ಲೇಗಿನ ಭಯ ಇನ್ನೂ ಊರು ಬಿಟ್ಟು ಹೋಗಿರದ ಕಾಲ. ನಾನಾಗ ಹರೆಯದವನು, ಬೇವೂರಿನ ಒಕ್ಕಲುತನದ ಮನೆಯ ಕಿರಿಯ ಮಗ. ಹೊಲ ನೋಡಲು ಅಣ್ಣಂದಿರಿದ್ದರು. ಹೀಗಾಗಿ ಬಾಗಲಕೋಟೆಯ ಅರಳೆ ಕಾರಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡೆ. ಹತ್ತಿಯಿಂದ ಬೀಜ ಬಿಡಿಸಿ, ಅರಳೆಯನ್ನು ಒತ್ತಿ ದೊಡ್ಡ ಮೂಟೆಯಂಥ ಅಂಡಿಗೆ ಕಟ್ಟಿ ರೈಲಿಗೆ ಹಾಕುವ ಕಾರಖಾನೆ. ನನ್ನನ್ನು ಹಾಕಿದ್ದು ಯಂತ್ರದ ಹತ್ತಿರ ಅಲ್ಲ, ಮಾಡಿನ ಕೆಲಸಕ್ಕೆ. ದೊಡ್ಡ ದೊಡ್ಡ ಗೋದಾಮುಗಳು. ಅವಕ್ಕೆ ತಗಡಿನ ಇಳಿಜಾರು ಮಾಡು. ಮಾಡಿನ ಅಂಚಿಗೆ ಉದ್ದಕ್ಕೂ ಮಳೆನೀರು ಹರಿದುಹೋಗಲು ತಗಡಿನ ದೋಣಿ. ನಮ್ಮೂರ ಕಡೆ ಎಲ್ಲವೂ ಸಪಾಟಾದ ಮಣ್ಣಿನ ಮಾಳಿಗೆಯ ಮನೆಗಳು. ಇಳಿಜಾರಿನ ಮೇಲೆ ನಿಲ್ಲುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವನು ರಾಜೇಸಾಬ. ಬಾಗಲಕೋಟೆಯ ಹಳೆಯ ಓಣಿಯ ಬಡಿಗತನದ ಮನೆಯವನು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಎತ್ತರದ ಆಳು, ಮಾತು ಕಡಿಮೆ. ಕಾರಖಾನೆಯ ಏಣಿಯನ್ನು ಅವನೇ ಕಟ್ಟಿದ್ದ: ಬಿದಿರಿನ ಎರಡು ಗಳ, ಜಾಲಿಯ ಮೆಟ್ಟಿಲು. ಬೆಳಿಗ್ಗೆ ಏರುವ ಮೊದಲು ಒಂದೊಂದು ಮೆಟ್ಟಿಲನ್ನೂ ಮುಷ್ಟಿಯಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಅಲ್ಲಿಯ ನೆಲ ಎರೆಮಣ್ಣಿನದು. ಒಣಗಿದಾಗ ಬಿರುಕು ಬಿಡುತ್ತದೆ, ತೊಯ್ದರೆ ಬೆಣ್ಣೆಯಾಗುತ್ತದೆ. ಏಣಿಯ ಒಂದು ಕಾಲು ಒಳಗಿಳಿದು ಇನ್ನೊಂದು ಹಾಗೇ ನಿಂತರೆ ಮುಗಿಯಿತು. ಅದಕ್ಕೆ ಕಾಲ ಕೆಳಗೆ ಅಗಲವಾದ ಹಲಿಗೆ ಹಾಕದೆ ಅವನು ಏಣಿ ನಿಲ್ಲಿಸುತ್ತಿರಲಿಲ್ಲ. ಮೇಲೆ ಹೋದ ಕೂಡಲೆ ಏಣಿಯ ತುದಿಯನ್ನು ಮಾಡಿನ ತೊಲೆಗೆ ಹಗ್ಗದಿಂದ ಬಿಗಿಯುತ್ತಿದ್ದ. ದೋಣಿಗೆ ಎಂದೂ ಕಟ್ಟಬೇಡ, ಅದು ನೀರು ಹೊರುವುದು, ಮನುಷ್ಯನನ್ನಲ್ಲ ಎನ್ನುತ್ತಿದ್ದ. ಬುಟ್ಟಿಯನ್ನು ಕೈಯಲ್ಲಿ ಹಿಡಿದು ಏರಲು ಬಿಡುತ್ತಿರಲಿಲ್ಲ. ಮೇಲೆ ಹೋಗಿ ಹಗ್ಗ ಬಿಟ್ಟು ಎಳೆದುಕೊಳ್ಳಬೇಕು.

ಮೊದಲ ದಿನ ನಾನು ಏಣಿಯ ನಡುವೆ ನಿಂತುಬಿಟ್ಟೆ. ಕೆಳಗೆ ಹಮಾಲರು ನಗುತ್ತಿದ್ದರು.

"ಸಂಗಪ್ಪಾ, ಕೆಳಗ ನೋಡಬ್ಯಾಡ," ಎಂದ ರಾಜೇಸಾಬ, ಏಣಿಯ ಬುಡ ಹಿಡಿದವನು. "ಮುಂದಿನ ಮೆಟ್ಟಲಾ ಅಷ್ಟ ನೋಡು. ನಾ ಹಿಡದೇನಿ. ನೀ ಇಳದ ಬರೂತನಾ ಎಲ್ಲೂ ಹೋಗೂದಿಲ್ಲ."

"ಕೈ ಜಾರಿದ್ರ, ಅಣ್ಣಾ?"

"ಜಾರಿದ್ರ ನನ್ನ ಮ್ಯಾಲ ಬೀಳ್ತಿ. ಅದಕ್ಕ ಜಾರಬ್ಯಾಡ."

ಒಂದು ಸಲ ಕೇಳಿದ್ದೆ, ಇಷ್ಟೇಕೆ ಹೆದರುತ್ತೀ ಎಂದು. ಅವನಪ್ಪ ಇಳಕಲ್ಲಿನಲ್ಲಿ ಯಾರದೋ ಮನೆಯ ಸೂರು ಕಟ್ಟುವಾಗ, ಇನ್ನೊಂದು ಗೇಣು ಕೈ ಚಾಚಿದರೆ ಮುಗಿಯಿತೆಂದು ಚಾಚಿ, ಏಣಿಯ ಸಮೇತ ಬಿದ್ದಿದ್ದನಂತೆ. "ಇಳದು ನಿಚ್ಚಣಕಿ ಸರಿಸಿದ್ರ ಆಗ್ತಿತ್ತು," ಎಂದಷ್ಟೇ ಹೇಳಿದ. ತಗಡು ತೊಯ್ದಿದ್ದರೆ ಮಾತ್ರ ಯಾರು ಹೇಳಿದರೂ ಅದರ ಮೇಲೆ ಕಾಲಿಡುವವನಲ್ಲ. ಕಾರಖಾನೆಯವರು ಅವನನ್ನು ಅಂಜುಬುರುಕ ಎಂದು ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡದ್ದನ್ನು ನಾನು ಕಾಣಲಿಲ್ಲ.

ಆ ವರ್ಷ ಮಳೆ ಮೊದಲು ಕಾಡಿಸಿತು. ಮುಂಗಾರಿನ ಮಿರಗದ ಮಳೆ ಒಣಗಿ ಹೋಯಿತು. ಬೇಸಿಗೆಯ ತುಂಬ ಯಂತ್ರಗಳಿಂದ ಹಾರಿದ ಅರಳೆಯ ಧೂಳು ತಗಡಿನ ಮೇಲೆ ಕುಳಿತಿತ್ತು. ಅದನ್ನು ಒಣಗಿದ್ದಾಗಲೇ ಗುಡಿಸಿ ತೆಗೆಯೋಣ ಎಂದು ರಾಜೇಸಾಬ ಮ್ಯಾನೇಜರರಿಗೆ ಎರಡು ಮೂರು ಬಾರಿ ಹೇಳಿದ. ಮ್ಯಾನೇಜರರು ಆ ವರ್ಷವೇ ಬಂದವರು, ಎಲ್ಲದಕ್ಕೂ ಅವಸರದವರು. ಅಂಡಿಗೆಗಳನ್ನು ಒಳಗೆ ಸೇರಿಸುವ ಕೆಲಸ ಮೊದಲು ಎಂದರು. ಆಮೇಲೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಸೀಮೆಯಲ್ಲಿ ಮಳೆ ಎಂದರೆ ಬಂದು ಹೋಗುವ ನೆಂಟ. ಆ ವರ್ಷ ಅದು ಮನೆಯವನಂತೆ ಕೂತುಬಿಟ್ಟಿತು. ಬಿಸಿಲು ಕಾಣದೆ ಜನರ ಮುಖಗಳು ಕಪ್ಪಿಟ್ಟವು. ಘಟಪ್ರಭೆ ಕೆಂಪಾಗಿ ದಡ ತುಂಬಿ ಹರಿಯುತ್ತಿತ್ತು. ಹಗಲಿನಲ್ಲೇ ಎಲ್ಲೋ ಒಂದು ಮಾಳಿಗೆ ಕುಸಿದ ಸದ್ದು ಕೇಳುತ್ತಿತ್ತು, ಜನ ಆ ಕಡೆ ಓಡುತ್ತಿದ್ದರು.

ಮಾಡಿನ ಮೇಲಿನ ಅರಳೆಯೆಲ್ಲ ತೊಳೆದುಬಂದು ದೋಣಿಯಲ್ಲಿ ಕಂಬಳಿಯಂತೆ ಗಟ್ಟಿಯಾಗಿ ಕೂತಿತು. ನೀರು ಹೋಗಲು ದಾರಿಯಿಲ್ಲದೆ ಉಕ್ಕಿ ಗೋಡೆಗುಂಟ ಇಳಿದು ಗೋದಾಮಿನೊಳಗೆ ಬರತೊಡಗಿತು. ಒಂದು ಮಧ್ಯಾಹ್ನ ಮ್ಯಾನೇಜರರು ಕೊಡೆ ಹಿಡಿದು ನಾವಿದ್ದ ಷೆಡ್ಡಿಗೆ ಬಂದರು.

"ಈಗಿಂದೀಗ ದ್ವಾಣಿ ಬಿಡಸ್ರಿ. ಅಂಡಿಗಿ ತೊಯ್ಯಾಕ ಹತ್ಯಾವ."

"ರಾಯರ, ತಗಡ ತೊಯ್ದಾವ್ರಿ," ಎಂದ ರಾಜೇಸಾಬ. "ಸ್ವಲ್ಪ ಹೊಳವಾಗ್ಲಿ. ಗಾಳಿ ಆಡಿದ ಕೂಡ್ಲೆ ಏರ್ತೇವಿ."

"ಮಳಿ ನಿಂತ ಮ್ಯಾಲ ದ್ವಾಣಿ ಬಿಡಿಸಿ ಏನ್ ಮಾಡೂದು? ಆಗೂದಿಲ್ಲಂದ್ರ ಆಗೂದಿಲ್ಲ ಅನ್ನು. ಏರವ್ರು ಭಾಳ ಮಂದಿ ಅದಾರ."

ರಾಜೇಸಾಬ ಏರಲಿಲ್ಲ. ಗೋಡೆಯ ಬುಡದಲ್ಲಿ ನೆನೆಯುತ್ತಿದ್ದ ಅಂಡಿಗೆಗಳನ್ನಾದರೂ ಸರಿಸೋಣವೆಂದು ನಾವಿಬ್ಬರೂ ಗೋದಾಮಿನೊಳಗೆ ಹೋದೆವು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ತಗಡು ಸದ್ದು ಮಾಡಿತು. ಮಳೆಯ ಸದ್ದಲ್ಲ, ಕಾಲಿನದು. ರಾಜೇಸಾಬ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಓಡಿದ.

ಮೇಲೆ ಏರಿದ್ದವನು ದುರಗಪ್ಪ. ಗುಡೂರಿನವನು, ಅಂಡಿಗೆ ಹೊರುವ ಹಮಾಲ, ಎರಡು ಮಕ್ಕಳ ತಂದೆ. ಗಟ್ಟಿ ಮನುಷ್ಯ, ಆದರೆ ಏಣಿಯ ಕೆಲಸ ಅವನದಲ್ಲ. ಮ್ಯಾನೇಜರರು ಹೇಳಿದರು, ಏರಿದ್ದ. ಏಣಿಯನ್ನು ಬರಿಯ ಕೆಸರಿನಲ್ಲಿ ನಿಲ್ಲಿಸಿದ್ದರು, ಅದು ಆಗಲೇ ಒಂದು ಕಡೆ ವಾಲಿತ್ತು. ದುರಗಪ್ಪ ಮಾಡಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ತಗಡಿನ ಮೊಳೆಯ ತಲೆಗಳನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡಿದ್ದ. ಕಾಲು ದೋಣಿಯ ಹತ್ತಿರಕ್ಕೆ ಜಾರುತ್ತಿದ್ದವು. ಕೂಗಲೂ ಆಗುತ್ತಿರಲಿಲ್ಲ ಅವನಿಗೆ.

ರಾಜೇಸಾಬ ಹಲಿಗೆ ತಂದು ಏಣಿಯ ಕಾಲ ಕೆಳಗೆ ತಳ್ಳಿದ, ನೆಟ್ಟಗೆ ನಿಲ್ಲಿಸಿದ, ಒಮ್ಮೆ ಅಲ್ಲಾಡಿಸಿ ನೋಡಿದ.

"ಅಣ್ಣಾ, ತೊಯ್ದೈತಿ," ಎಂದೆ.

"ಗೊತ್ತೈತಿ. ನೀ ಹಿಡಿ."

ಏರಿದ. ತುದಿಯನ್ನು ತೊಲೆಗೆ ಬಿಗಿದ. ಏಣಿಯ ಮೇಲೆ ನಿಂತೇ ಕೈ ಚಾಚಿದರೆ ದುರಗಪ್ಪ ಸಿಗುವಂತಿರಲಿಲ್ಲ. ಇಳಿದು ಏಣಿ ಸರಿಸುವಷ್ಟು ಹೊತ್ತು ಅವನು ಹಿಡಿದಿರುತ್ತಾನೆಂದು ಯಾರೂ ಹೇಳುವಂತಿರಲಿಲ್ಲ. ರಾಜೇಸಾಬ ಮಾಡಿಗೆ ಕಾಲಿಟ್ಟ. ಮೊಳೆಗಳ ಸಾಲು ಇರುವಲ್ಲಿ ಕೆಳಗೆ ಕಟ್ಟಿಗೆ ಇರುತ್ತದೆ. ಅದರ ಮೇಲೆಯೇ ಬೆಕ್ಕಿನಂತೆ ಅಡ್ಡಕ್ಕೆ ಸರಿದು ಅವನ ಪಕ್ಕಕ್ಕೆ ಹೋದ. ಮಳೆಯ ನಡುವೆ ಅವನ ಮಾತು ನನಗೆ ತುಂಡು ತುಂಡಾಗಿ ಕೇಳುತ್ತಿತ್ತು.

"ದುರಗಪ್ಪಾ, ನನ್ನ ಕೊಳ್ಳ ಹಿಡೀಬ್ಯಾಡ. ಮೊಳಿ ಬಿಡಬ್ಯಾಡ. ಒಂದೊಂದ ಮೊಳಿ ಹಿಡಕೋತ ನಿಚ್ಚಣಕಿ ಕಡೆ ಸರಿ. ಎಡಗಾಲು ನನ್ನ ಕೈಯಾಗ ಕೊಡು. ಹಾಂ. ಇದು ಮೆಟ್ಟಲಾ. ಸಿಕ್ಕಿತಿಲ್ಲೋ? ಈಗ ಇನ್ನೊಂದು."

ದುರಗಪ್ಪನ ಕಾಲು ಏಣಿಗೆ ಸಿಕ್ಕಿದವು. ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದು ನನ್ನ ಪಕ್ಕದಲ್ಲೇ ಕೆಸರಿನಲ್ಲಿ ಕುಸಿದು ಕೂತ. ನಾನು ಮೇಲೆ ನೋಡಿದೆ. ರಾಜೇಸಾಬ ಏಣಿಯ ಕಡೆಗೆ ತಿರುಗುತ್ತಿದ್ದ. ಇನ್ನೊಂದು ಹೆಜ್ಜೆ ಇದ್ದಿರಬೇಕು. ಅವನ ಕಾಲ ಕೆಳಗಿನ ತಗಡು, ಮೊಳೆ ತುಕ್ಕು ಹಿಡಿದಿತ್ತೋ ಏನೋ, ಅಂಚಿನಿಂದ ಕಿತ್ತು ಹಾಗೇ ಕೆಳಗೆ ಜಾರಿತು. ಅವನು ಏಣಿಯನ್ನು ಹಿಡಿಯಲು ಕೈ ಚಾಚಿದ. ಕೈ ಮುಟ್ಟಲಿಲ್ಲ. ನನ್ನ ಭುಜದ ಪಕ್ಕದಿಂದಲೇ ಹಾದು, ಗೋದಾಮಿನ ಕಲ್ಲಿನ ಕಟ್ಟೆಯ ಅಂಚಿಗೆ ಬೆನ್ನು ಬಡಿದು ಬಿದ್ದ.

ಏಣಿ ಅಲುಗಿರಲಿಲ್ಲ. ನಾನದನ್ನು ಹಿಡಿದೇ ಇದ್ದೆ. ಯಾರೋ ಬಂದು ನನ್ನ ಬೆರಳುಗಳನ್ನು ಬಿಡಿಸಿದರು.

ಅವನಿಗೆ ಎಚ್ಚರ ತಪ್ಪಿರಲಿಲ್ಲ. "ಕಾಲ ಎಲ್ಲಿ ಅದಾವ?" ಎಂದು ಕೇಳಿದ. ಕಾಲು ಇದ್ದಲ್ಲೇ ಇದ್ದವು. ಅದೇ ಏಣಿಯನ್ನು ಇಳಿಸಿ, ಗೋಣಿತಟ್ಟು ಹಾಸಿ, ಅವನನ್ನು ಮಲಗಿಸಿ ನಾಲ್ವರು ಹೊತ್ತು ದವಾಖಾನೆಗೆ ಹೋದೆವು. ಮುಂದಿನ ಎಡಗಡೆ ದುರಗಪ್ಪನಿದ್ದ. ಡಾಕ್ಟರರು ಬೆನ್ನು ಮುಟ್ಟಿ ನೋಡಿ, ಕಾಲಿಗೆ ಸೂಜಿ ಚುಚ್ಚಿ, ನಮ್ಮನ್ನು ಹೊರಗೆ ಕರೆದು, ಸೊಂಟದ ಕೆಳಗೆ ಇನ್ನು ಜೀವವಿಲ್ಲ ಎಂದರು. ಅವನನ್ನು ಮನೆಗೆ ತಂದ ಮೇಲೆ ಹುನಗುಂದದ ಕಡೆಯಿಂದ ಎಲುಬು ಕಟ್ಟುವ ಮುದುಕನನ್ನೂ ಕರೆಸಿದೆವು. ಅವನು ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ, ಬಾಗಿಲಲ್ಲಿ ನನ್ನ ಮುಖ ನೋಡದೆ ಹೋದ.

ರಾಜೇಸಾಬ ಬಿದ್ದ ಮರುದಿನವೇ ಮ್ಯಾನೇಜರರು ನನ್ನನ್ನು ಕರೆಸಿದ್ದರು, ಏಣಿ ತೆಗೆದುಕೋ ಎಂದರು. ನಾನು ತಗಡು ಒಣಗುವವರೆಗೆ ಏರುವುದಿಲ್ಲ ಎಂದೆ. ಹಾಗಾದರೆ ಊರಿಗೆ ಹೋಗು ಎಂದರು. ಊರಿಗೆ ಹೋಗಲಿಲ್ಲ, ರಾಜೇಸಾಬನ ಮನೆಗೆ ಹೋದೆ. ಆಮೇಲೆ ಯಾರೂ ಆ ಮಾಡು ಏರಲಿಲ್ಲವೆಂದು ಕೇಳಿದೆ. ದೋಣಿ ಹಾಗೇ ಉಕ್ಕುತ್ತಿತ್ತು, ಅಂಡಿಗೆಗಳು ಒಳಗೇ ಕೊಳೆತವು. ಗಾಳಿ ಬೀಸಿದರೆ ಆ ವಾಸನೆ ರಾಜೇಸಾಬನ ಓಣಿಯವರೆಗೂ ಬರುತ್ತಿತ್ತು. ಅವನು ಮಲಗಿದಲ್ಲೇ ಮೂಗಿಗೆ ಬಟ್ಟೆ ಅಡ್ಡ ಹಿಡಿಯುತ್ತಿದ್ದ.

ರಾಜೇಸಾಬನ ಹೆಂಡತಿ ಹುಸೇನಬಿ. ಅವರಿಗೆ ಮಕ್ಕಳಿರಲಿಲ್ಲ. ನಾನು ಆಕೆಯನ್ನು ಅಕ್ಕಾ ಎನ್ನುತ್ತಿದ್ದೆ. ಬಾಯಿಬಿಟ್ಟು ಅಳಲಿಲ್ಲ ಆಕೆ. ಗಂಡನನ್ನು ಮಗ್ಗುಲು ಹೊರಳಿಸುವುದು, ತೊಳೆಯುವುದು, ಉಣಿಸುವುದು, ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು. ದುರಗಪ್ಪ ಗುಡೂರಿಗೆ ಹೋಗದೆ ಮನೆಯ ಮುಂದಿನ ಕಟ್ಟೆಯ ಮೇಲೆ ಬಂದು ಕೂತ. ಆಕೆ ಅವನನ್ನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ದಾಟಿ ಹೋಗುತ್ತಿದ್ದಳು. ಹೀಗೇ ಕೆಲವು ದಿನ. ಆಮೇಲೊಂದು ದಿನ ಗಂಡನನ್ನು ಎತ್ತಿ ಕೂರಿಸುವಾಗ ನನ್ನೊಬ್ಬನ ಕೈಯಲ್ಲಿ ಆಗಲಿಲ್ಲ. ಆಕೆ ಬಾಗಿಲಿಗೆ ಹೋಗಿ, ಅವನ ಮುಖ ನೋಡದೆ, "ಸುಮ್ನ ಕುಂತು ಏನ್ ಮಾಡ್ತೀ? ಒಳಗ ಬಂದು ಹಿಡಿ," ಎಂದಳು.

ಅಂದಿನಿಂದ ದುರಗಪ್ಪ ಆ ಮನೆಯ ಆಳಾದ. ನೀರು ತಂದ, ಕಟ್ಟಿಗೆ ಒಡೆದ, ರಾಜೇಸಾಬನನ್ನು ಕೂಸಿನಂತೆ ಎತ್ತಿಕೊಂಡು ಹೊರಗೆ ಒಳಗೆ ಮಾಡಿದ. ರಾಜೇಸಾಬ ಅವನ ಮೇಲೆ ಎಂದೂ ಸಿಟ್ಟಾಗಲಿಲ್ಲ. ಒಂದೇ ಒಂದು ಸಲ, ನೋವು ಬಹಳವಾದಾಗ, "ನಿನಗ ಒಲ್ಲೆ ಅನ್ನಾಕ ಬಾಯಿರಲಿಲ್ಲೇನಲೇ?" ಎಂದ. ದುರಗಪ್ಪ ತಲೆ ಕೆಳಗೆ ಹಾಕಿದ. "ಇರಲಿಲ್ರಿ," ಎಂದ. ಅವರಿಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಳೆಗಾಲದ ಕೊನೆಗೆ, ಉತ್ತರಿ ಮಳೆಯಲ್ಲಿ, ರಾಜೇಸಾಬನ ಮನೆಯೇ ಸೋರತೊಡಗಿತು. ಹಳೆಯ ಮಣ್ಣಿನ ಮಾಳಿಗೆ. ಮೇಲಿನ ನೀರು ಓಣಿಗೆ ಬೀಳಲು ಗೋಡೆಯಲ್ಲಿ ಒಂದು ಕಲ್ಲಿನ ನಾಳವಿತ್ತು. ಅದು ಕಟ್ಟಿಕೊಂಡು ಮಾಳಿಗೆಯ ಮೇಲೆ ನೀರು ಕೆರೆಯಂತೆ ನಿಂತಿತ್ತು. ಮೊದಲು ಒಂದು ಮೂಲೆ ತೊಟ್ಟಿಕ್ಕಿತು. ರಾಜೇಸಾಬ ಮಲಗಿದ್ದ ಹೊರಸನ್ನು ಇನ್ನೊಂದು ಮೂಲೆಗೆ ಸರಿಸಿದೆವು. ಬೆಳಗಾಗುವುದರೊಳಗೆ ನಡುವಿನ ಜಂತಿಯೊಂದು ಚಟ್ ಎಂದಿತು. ಎರಡು ಮನೆಯಾಚೆ ಹಿಂದಿನ ದಿನವೇ ಮಾಳಿಗೆ ಕುಸಿದಿತ್ತು. ರಾಜೇಸಾಬನನ್ನು ಎಲ್ಲಿಗಾದರೂ ಒಯ್ಯೋಣವೆಂದರೆ ಓಣಿಯಲ್ಲಿ ಸೋರದ ಮನೆಯಿರಲಿಲ್ಲ. ಜ್ವರ ಬೇರೆ ಸುಡುತ್ತಿತ್ತು.

"ನಾ ಏರ್ತೇನಿ," ಎಂದು ನಾನೆದ್ದೆ.

"ನೀ ಬ್ಯಾಡ," ಎಂದ ರಾಜೇಸಾಬ. "ನೀ ಬುಡ ಹಿಡಿ. ದುರಗಪ್ಪ ಏರ್ಲಿ."

ಹುಸೇನಬಿ ಒಲೆಯ ಮುಂದಿನಿಂದ ಎದ್ದು ಬಂದಳು. "ಯಾಕ, ಇನ್ನೊಬ್ಬಾಕಿ ಮನೀನೂ ಹಾಳಾಗಬೇಕೇನು? ಬೀಳ್ತಿದ್ರ ಬೀಳ್ಲಿ ಮಾಳಗಿ. ಎಲ್ಲಾರೂ ಕೂಡೇ ಹೋಗೂಣು."

"ಅಂವ ಇವತ್ತ ಏರಲಿಲ್ಲಂದ್ರ ಇನ್ ಜಲ್ಮದಾಗ ಏರೂದಿಲ್ಲ," ಎಂದ ರಾಜೇಸಾಬ. "ದಿನಾ ನನ್ನ ಮುಂದ ಕುಂತು ಮನಸಿನಾಗ ಬೀಳ್ತಾನ ಅಂವ. ನಾ ನೋಡೇನಿ."

ನಾನು ಮನೆಯ ಏಣಿಯ ಕಾಲಿಗೆ ಹಲಿಗೆ ಕೊಟ್ಟು, ಕಾಲಿನಿಂದ ಬುಡ ಒತ್ತಿ ಹಿಡಿದೆ. ದುರಗಪ್ಪ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಬಹಳ ಹೊತ್ತು ಹಾಗೇ ನಿಂತ. ಆಮೇಲೆ ಏರಿದ. ಅವನು ಮಾಳಿಗೆಯ ಮೇಲೆ ಇಳಿದ ಸದ್ದು ಒಳಗೆ ಮಲಗಿದ್ದ ರಾಜೇಸಾಬನಿಗೆ ಕೇಳಿತು. ಆ ಮನೆಯ ಒಂದೊಂದು ಜಂತಿಯನ್ನೂ ಅವನು ತನ್ನ ಕೈಯಾರೆ ಕೂರಿಸಿದ್ದ. ಬೆಳಕಿಂಡಿಯ ಕೆಳಗೆ ಹೊರಸಿನ ಮೇಲೆ ಮಲಗಿಕೊಂಡೇ ಕೂಗಿ ಹೇಳತೊಡಗಿದ.

"ನಡುವ ಬರಬ್ಯಾಡ. ಗ್ವಾಡಿಗುಂಟ ನಡಿ. ಇನ್ನೂ ಮುಂದ. ನಿಂದರು, ಅಲ್ಲಿ ಹುಳ ತಿಂದೈತಿ, ದಾಟಿ ಕಾಲಿಡು. ಈಗ ಕುಂದ್ರು. ಕುಂತ ಮ್ಯಾಲ ಕೈ ಹಾಕು."

"ಹುಲ್ಲು ಬೆಳದೈತ್ರಿ ನಾಳದಾಗ," ಮೇಲಿನಿಂದ ದುರಗಪ್ಪನ ದನಿ.

"ಒಮ್ಮೆಲೇ ಎಳೀಬ್ಯಾಡ. ಸ್ವಲ್ಪ ಸ್ವಲ್ಪ ಕೀಳು. ಅದರ ಕೂಡ ನೀನೂ ಬರ್ತಿ."

ಹುಸೇನಬಿ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು. ನಾಳದಿಂದ ಮೊದಲು ಒಂದು ಮುದ್ದೆ ಮಣ್ಣು ಬಿತ್ತು, ಹಿಂದೆಯೇ ಕೆಂಪು ನೀರು ಧೋ ಎಂದು ಓಣಿಗೆ ಧುಮುಕಿತು. ಬಹಳ ಹೊತ್ತು ಸುರಿಯಿತು. ದುರಗಪ್ಪ ಇಳಿದು ಬಂದಾಗ ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದ.

"ಇಳದ್ಯಾ?" ಎಂದ ರಾಜೇಸಾಬ ಒಳಗಿನಿಂದ.

"ಇಳದೆರಿ."

"ಆತು," ಎಂದು ಕಣ್ಣು ಮುಚ್ಚಿದ.

ಹುಸೇನಬಿ ಒಳಗೆ ಹೋಗಿ ಗಂಡನ ಒಣಗಿದ ಅಂಗಿ ತಂದು ದುರಗಪ್ಪನ ಕೈಗೆ ಕೊಟ್ಟಳು.

ಮಾಳಿಗೆ ಉಳಿಯಿತು. ರಾಜೇಸಾಬ ಉಳಿಯಲಿಲ್ಲ. ಮಳೆ ಹೋಗಿ ಚಳಿ ಬಂತು. ಬೆನ್ನಿನ ಹುಣ್ಣುಗಳು ಒಣಗಲಿಲ್ಲ, ಜ್ವರ ಬಿಡಲಿಲ್ಲ. ದಿನದಿನಕ್ಕೆ ಹಗುರಾಗುತ್ತ ಹೋದ. ಕೊನೆಕೊನೆಗೆ ನಾನೊಬ್ಬನೇ ಅವನನ್ನು ಎತ್ತುತ್ತಿದ್ದೆ. ಜೋಳ ಹಾಲ್ದೆನೆ ಕಟ್ಟುವ ಹೊತ್ತಿಗೆ ಒಂದು ಬೆಳಿಗ್ಗೆ, ಹುಸೇನಬಿ ಗಂಜಿ ಆರಿಸುತ್ತಿದ್ದಾಗ, ಗೋಡೆಯ ಕಡೆ ಮುಖ ಮಾಡಿ ತೀರಿಕೊಂಡ. ಕಾರಖಾನೆಯಿಂದ ಹಮಾಲರೆಲ್ಲ ಬಂದರು. ಮ್ಯಾನೇಜರರು ಬರಲಿಲ್ಲ. ಮಣ್ಣಿಗೆ ಒಯ್ಯುವಾಗ ದುರಗಪ್ಪ ಹೆಗಲು ಬದಲಿಸಲು ಯಾರಿಗೂ ಬಿಡಲಿಲ್ಲ.

ಆಮೇಲೆ ನಾನು ಬೇವೂರಿಗೆ ಮರಳಿ ಹೊಲ ಹಿಡಿದೆ, ದುರಗಪ್ಪ ಗುಡೂರಿಗೆ ಹೋದ. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅವನು ಚಕ್ಕಡಿಯಲ್ಲಿ ಮಣ್ಣು ಹೇರಿಕೊಂಡು ಬಾಗಲಕೋಟೆಗೆ ಬರುತ್ತಿದ್ದ. ನಾನೂ ಹೋಗುತ್ತಿದ್ದೆ. ಅವನು ಹುಸೇನಬಿಯ ಮಾಳಿಗೆಗೆ ಹೊಸ ಮಣ್ಣು ಹಾಕಿ, ತುಳಿದು, ನಾಳ ಬಿಡಿಸುವವರೆಗೆ ನಾನು ಏಣಿಯ ಬುಡ ಹಿಡಿಯುತ್ತಿದ್ದೆ. ಆಕೆ ಆ ಹೊತ್ತಿನಲ್ಲಿ ಎಂದೂ ಹೊರಗೆ ಬರುತ್ತಿರಲಿಲ್ಲ. ಒಳಗೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು.

ಒಂದು ವರ್ಷ ಎತ್ತಿಗೆ ಜಡ್ಡಾಗಿ ನನಗೆ ಹೊರಡುವುದು ತಡವಾಯಿತು. ಓಣಿಯ ತಿರುವಿಗೆ ಬಂದಾಗ ದೂರದಿಂದಲೇ ಕಂಡಿತು. ದುರಗಪ್ಪ ಆಗಲೇ ಮೇಲೆ ಏರಿದ್ದ. ಏಣಿಯ ಬುಡದಲ್ಲಿ ಹುಸೇನಬಿ. ಮೊದಲ ಮೆಟ್ಟಿಲ ಮೇಲೆ ಒಂದು ಕಾಲು ಊರಿ, ಎರಡೂ ಕೈಯಿಂದ ಗಳಗಳನ್ನು ಬಿಗಿಯಾಗಿ ಹಿಡಿದು, ಕತ್ತು ಮೇಲೆತ್ತಿ ನಿಂತಿದ್ದಳು. ಸೆರಗು ಜಾರಿ ತಲೆಯ ಬಿಳಿಗೂದಲು ಬಿಸಿಲಿಗೆ ಬಿದ್ದಿತ್ತು. ಅದನ್ನು ಸರಿಮಾಡಿಕೊಳ್ಳಲೂ ಕೈ ತೆಗೆಯುತ್ತಿರಲಿಲ್ಲ.

"ಅಕ್ಕಾ, ಬಿಡ್ರಿ, ನಾ ಹಿಡೀತೇನಿ," ಎಂದೆ.

"ಸುಮ್ನಿರು ತಮ್ಮಾ," ಎಂದಳು, ಮೇಲಿನಿಂದ ಕಣ್ಣು ಕೀಳದೆ. "ಅಂವ ಇನ್ನೂ ಇಳದಿಲ್ಲ."